ನೇರಳೆ ಕಮಾನುಗಳು ಮೂಡುತ್ತಿದ್ದ ಕಾಗದ

ನಮ್ಮ ಕಾಲೇಜಿನ ಜೀವರಸಾಯನ ಪ್ರಯೋಗಾಲಯ ಅಂದರೆ ಬ್ಯೂಟನಾಲ್ ಎಂಬ ಮದ್ಯಸಾರದ ವಾಸನೆ. ಅಲ್ಲಿ ನಡೆಯುತ್ತಿದ್ದುದು ಪೇಪರ್ ಕ್ರೊಮಟೋಗ್ರಫಿ: ಕಾಗದದಲ್ಲಿ ದ್ರಾವಕ ಹರಿಸಿ, ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳನ್ನು ಬೇರ್ಪಡಿಸುವುದು. ನಾಲ್ಕು ಪಾಲು ಬ್ಯೂಟನಾಲ್, ಒಂದು ಪಾಲು ಅಸಿಟಿಕ್ ಆಮ್ಲ, ಐದು ಪಾಲು ನೀರು ಸೇರಿಸಿ ಚೆನ್ನಾಗಿ ಕುಲುಕಿಟ್ಟರೆ ಎರಡು ಪದರವಾಗುತ್ತದೆ. ಮೇಲಿನದು ಕಾಗದದಲ್ಲಿ ಹರಿಯಲು. ಕೆಳಗಿನದನ್ನೂ ಚೆಲ್ಲುತ್ತಿರಲಿಲ್ಲ, ಪಾತ್ರೆಯೊಳಗೆ ಆವಿ ತುಂಬಲು ಅದು ಬೇಕು. ದಿನಗಟ್ಟಲೆ ಇಟ್ಟ ಮಿಶ್ರಣದಲ್ಲಿ ಬ್ಯೂಟನಾಲ್ ಮತ್ತು ಆಮ್ಲ ಕೂಡಿ ಎಸ್ಟರ್ ಎಂಬ ಬೇರೆ ವಸ್ತು ಆಗುತ್ತದೆ, ಆರ್‌ಎಫ್ ಮೌಲ್ಯ (ದ್ರಾವಕ ಸಾಗಿದ ದೂರದಲ್ಲಿ ವಸ್ತು ಎಷ್ಟು ಪಾಲು ಸಾಗಿತು ಎಂಬ ಅಂಕಿ) ಜಾರುತ್ತದೆ. ಆದ್ದರಿಂದ ಅಂದಿನದು ಅಂದಿಗೇ.

ವಾಟ್‌ಮನ್ 1ನೇ ನಂಬರಿನ ಸೋಸು ಕಾಗದವನ್ನು ಅಂಚಿನಲ್ಲಷ್ಟೇ ಹಿಡಿಯಬೇಕು. ಬೆವರಿನಲ್ಲೂ ಅಮೈನೋ ಆಮ್ಲವಿರುವುದರಿಂದ, ಅದಕ್ಕೆ ಬಣ್ಣ ಕೊಡುವ ನಿನ್‌ಹೈಡ್ರಿನ್ ಸಿಂಪಡಿಸಿ ಬಿಸಿ ಮಾಡಿದಾಗ ಹೆಬ್ಬೆರಳ ಗುರುತು ಗೆರೆ ಸಮೇತ ನೇರಳೆಯಾಗಿ ಎದ್ದು ಬರುತ್ತದೆ. ಗುರುತು ಹಾಕುವುದು ಪೆನ್ಸಿಲ್ಲಿನಲ್ಲೇ. ಪೆನ್ನಿನ ಶಾಯಿ ತಾನೇ ಹರಿದು ಬಣ್ಣಗಳಾಗಿ ಬಿಡಿಸಿಕೊಳ್ಳುತ್ತದೆ. ಮಾದರಿಯ ಬೊಟ್ಟು 5 ಮಿ.ಮೀ. ದಾಟಬಾರದು. ಕ್ಯಾಪಿಲರಿ ಎಂಬ ತೀರ ಸಣ್ಣ ಗಾಜಿನ ನಳಿಕೆಯಿಂದ ಮುಟ್ಟಿಸಿ, ಒಣಗಿಸಿ, ಮತ್ತೆ ಅದೇ ಜಾಗಕ್ಕೆ ಮುಟ್ಟಿಸುವ ತಾಳ್ಮೆ ಬೇಕು. ಒಮ್ಮೆಲೇ ಹೆಚ್ಚು ಹಾಕಿದರೂ, ಮಾದರಿಯಲ್ಲಿ ಉಪ್ಪು ಉಳಿದಿದ್ದರೂ ಧೂಮಕೇತುವಿನಂಥ ಬಾಲ ಬರುತ್ತದೆ.

ನಾವು ಮಾಡುತ್ತಿದ್ದುದು ಇದರ ವರ್ತುಲ ವಿಧಾನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ. ವಿ. ಗಿರಿ ಮತ್ತು ಸಂಗಡಿಗರು 1950ರ ದಶಕದ ಆರಂಭದಲ್ಲಿ ಇದನ್ನು ಅಮೈನೋ ಆಮ್ಲಗಳಿಗೆ ಒಗ್ಗಿಸಿ ಬೆಳೆಸಿದ್ದರು. ದುಂಡನೆಯ ಕಾಗದದ ನಡುವೆ ಸಣ್ಣ ತೂತು, ಅದರಲ್ಲಿ ಕಾಗದದ್ದೇ ಬತ್ತಿ, ಕೆಳಗೊಂದು ಮೇಲೊಂದು ಪೆಟ್ರಿ ತಟ್ಟೆ. ತೂತಿನ ಸುತ್ತ ಬೊಟ್ಟುಗಳು. ದ್ರಾವಕ ಹೊರಕ್ಕೆ ಹರಡುತ್ತ ಪ್ರತಿ ಬೊಟ್ಟನ್ನೂ ತೆಳು ಕಮಾನಾಗಿ ಎಳೆಯುತ್ತದೆ. ಅಮೈನೋ ಆಮ್ಲಗಳಲ್ಲಿ ಲೈಸಿನ್ ಒಳಗೇ ಉಳಿಯುತ್ತದೆ, ಲ್ಯೂಸಿನ್ ಹೊರಗೆ ಓಡುತ್ತದೆ. ಕಾಗದ ಬರೀ ಆಸರೆ. ಕಾಗದದ ನಾರಾದ ಸೆಲ್ಯುಲೋಸ್ ಹಿಡಿದಿಟ್ಟುಕೊಂಡ ನೀರನ್ನು ಮೆಚ್ಚುವ ಅಮೈನೋ ಆಮ್ಲ ನಿಧಾನ, ಬ್ಯೂಟನಾಲನ್ನು ಮೆಚ್ಚುವುದು ಮುಂದೆ. ಬತ್ತಿ ಓರೆಯಾದರೆ ವರ್ತುಲ ಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ. ಪುಸ್ತಕದ ಆರ್‌ಎಫ್ ಪಟ್ಟಿ ಸಾಮಾನ್ಯವಾಗಿ ಉದ್ದ ಕಾಗದದ್ದು, ವರ್ತುಲದಲ್ಲಿ ಮೌಲ್ಯ ಅದಕ್ಕಿಂತ ಹೆಚ್ಚೇ ಬರುತ್ತದೆ. ಹಾಗಾಗಿ ಗೊತ್ತಿರುವ ಆಮ್ಲಗಳನ್ನು ಅದೇ ಕಾಗದದಲ್ಲಿ ಮಗ್ಗುಲಲ್ಲೇ ಓಡಿಸಬೇಕು. ಈ ವಿಧಾನದ ದೊಡ್ಡ ಗುಣವೇ ಅದು ಎಂದು ನನಗೆ ಇಂದಿಗೂ ಅನ್ನಿಸುತ್ತದೆ: ಕೆಲವೇ ಮೈಕ್ರೋಗ್ರಾಂ ವಸ್ತು, ಅಗ್ಗದ ಕಾಗದ, ಎದುರಿಗೇ ಹೋಲಿಕೆ.

ಮಿತಿಯೂ ಉಂಟು. ಈ ದ್ರಾವಕದಲ್ಲಿ ಲ್ಯೂಸಿನ್, ಐಸೋಲ್ಯೂಸಿನ್ ಬೇರೆಯಾಗುವುದಿಲ್ಲ, ಒಂದೇ ಕಮಾನು. ಪ್ರಮಾಣ ಸಿಗುವುದು ಅಂದಾಜಿಗೆ ಮಾತ್ರ. ಗಾಢ ಗಂಧಕಾಮ್ಲ ಸಿಂಪಡಿಸಿ ಗುರುತಿಸುವ ವಸ್ತುಗಳಿಗೆ ಕಾಗದ ಆಗದು, ಅದೇ ಕರಕಲಾಗುತ್ತದೆ. ಅಲ್ಲಿ ಸಿಲಿಕಾ ಲೇಪಿಸಿದ ಗಾಜು ಬೇಕು. ಆದರೂ ಮೂತ್ರದಲ್ಲಿನ ಅಮೈನೋ ಆಮ್ಲ, ಹಣ್ಣಿನ ಸಕ್ಕರೆ, ಎಲೆಯ ವರ್ಣಕಗಳ ಮೊದಲ ಪರೀಕ್ಷೆಗೆ ಕಾಗದ ಸಾಕಾಗುತ್ತಿತ್ತು.

ನಿನ್‌ಹೈಡ್ರಿನ್ ಸಿಂಪಡಿಸಿದ ಕಾಗದವನ್ನು ಬಿಸಿ ಮಾಡುವುದು ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಐದು ನಿಮಿಷ. ಅದಕ್ಕಿಂತ ಹೆಚ್ಚು ಬಿಟ್ಟರೆ ಹಿನ್ನೆಲೆಯೇ ಗುಲಾಬಿ. ಅಮೈನೋ ಆಮ್ಲಗಳಲ್ಲಿ ಪ್ರೋಲಿನ್ ಮಾತ್ರ ಹಳದಿ. ಬಣ್ಣ ಮಾಸುವ ಮೊದಲು ಕಮಾನುಗಳ ಸುತ್ತ ಪೆನ್ಸಿಲ್ ಎಳೆದು ರೆಕಾರ್ಡಿಗೆ ಅಂಟಿಸುತ್ತಿದ್ದೆವು. ಈಗ ಆ ಪುಟದಲ್ಲಿ ನೇರಳೆ ಇಲ್ಲ, ಪೆನ್ಸಿಲ್ ಗೆರೆಗಳಿವೆ.