ಅಪ್ಪನ ಇನ್‌ಬಾಕ್ಸ್‌ಗೆ ಸ್ಪ್ಯಾಮ್ ಜರಡಿ: ಆರನೇ ವಾರ

ಹೋದ ಸಲ ಬರೆದು ಮೂರು ವಾರ ಆಯ್ತು. ಅಷ್ಟರಲ್ಲಿ ಜರಡಿ ಕೆಲಸ ಶುರು ಮಾಡಿದೆ. ಒಂದು ದೊಡ್ಡ ತಪ್ಪನ್ನೂ ಮಾಡಿದೆ. ಇವತ್ತು ಆ ತಪ್ಪಿನ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ಹೊಸದಾಗಿ ಓದುವವರಿಗೆ ಎರಡು ಮಾತು. ಅಪ್ಪ ನಿವೃತ್ತ ಕನ್ನಡ ಮೇಷ್ಟ್ರು. ಅವರ ಮೇಲ್ ನಮ್ಮದೇ ಡೊಮೇನ್‌ನಲ್ಲಿದೆ (ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು ನಮ್ಮದೇ), ಸರ್ವರ್ ನಾನು ನೋಡಿಕೊಳ್ಳುತ್ತೇನೆ. ದಿನಕ್ಕೆ ಐವತ್ತು ಅರವತ್ತು ಸ್ಪ್ಯಾಮ್ ಬರುತ್ತಿತ್ತು. ಪಾರ್ಸೆಲ್ ನಿಂತಿದೆ, ಪಿಂಚಣಿ ನಿಲ್ಲುತ್ತದೆ, ಖಾತೆ ಮುಚ್ಚುತ್ತದೆ, ಬರೀ ಇಂಥ ಹೆದರಿಸುವ ಮಾತು. ಒಂದು ದಿನ ಅಪ್ಪ ಅಂಥ ಲಿಂಕ್ ಒತ್ತಿ ಪಿಂಚಣಿ ನಂಬರ್ ಅರ್ಧ ಟೈಪ್ ಮಾಡಿದ್ದರು. ನಾನು ಪಕ್ಕದಲ್ಲೇ ಇದ್ದೆ, ಸದ್ಯ. ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಮೊದಲ ತಡೆ ಗ್ರೇಲಿಸ್ಟಿಂಗ್. ನಮ್ಮ ಸರ್ವರ್‌ನಲ್ಲಿ ಮೇಲ್ ಸಾಗಿಸುವ ಪ್ರೋಗ್ರಾಂ ಪೋಸ್ಟ್‌ಫಿಕ್ಸ್, ಅದರ ಜೊತೆ ಈ ಕೆಲಸಕ್ಕೆಂದೇ ಇರುವ ಪೋಸ್ಟ್‌ಗ್ರೇ ಹಾಕಿದೆ. ಗುರುತಿಲ್ಲದ ಸರ್ವರ್ ಬಂದರೆ "ಈಗ ಆಗಲ್ಲ, ಆಮೇಲೆ ಬಾ" ಎಂದು ಕಳಿಸುತ್ತದೆ. ಸರಿಯಾದ ಸರ್ವರ್ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬರುತ್ತದೆ. ರಾಶಿ ರಾಶಿ ಸ್ಪ್ಯಾಮ್ ಎಸೆಯುವ ಬಾಟ್‌ಗಳಲ್ಲಿ (ತಾವಾಗಿ ಓಡುವ ಪ್ರೋಗ್ರಾಂಗಳು) ಎಷ್ಟೋ ವಾಪಸ್ ಬರುವುದೇ ಇಲ್ಲ. ಅರ್ಧಕ್ಕಿಂತ ಜಾಸ್ತಿ ಕಸ ಇಲ್ಲೇ ಹೋಯಿತು. ಆದರೆ ಕಾಯಿಸುವ ಹೊತ್ತು ಕಡಿಮೆ ಅಂದರೂ 300 ಸೆಕೆಂಡ್. ಅಪ್ಪನ ಬ್ಯಾಂಕಿನ ಒಟಿಪಿ ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತಿತ್ತು. ಬ್ಯಾಂಕ್, ಆಸ್ಪತ್ರೆ, ರೈಲು ಟಿಕೆಟ್, ಇವನ್ನೆಲ್ಲ ಕಾಯಿಸದೆ ಒಳಗೆ ಬಿಡುವ ಬಿಳಿ ಪಟ್ಟಿಗೆ ಸೇರಿಸಿದ ಮೇಲೆ ಸರಿಯಾಯಿತು.

ಎರಡನೆಯದು ಪೈಥಾನ್ ಎನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನೇ ಬರೆದ ಬೇಯ್ಸ್ ಫಿಲ್ಟರ್, ಅಂದರೆ ಪದಗಳನ್ನು ನೋಡಿ ಮೇಲ್ ಸ್ಪ್ಯಾಮ್ ಆಗಿರುವ ಸಂಭವ ಎಷ್ಟು ಎಂದು ಲೆಕ್ಕ ಹಾಕುವ ಜರಡಿ. 2002ರಲ್ಲಿ ಪ್ರೋಗ್ರಾಮರ್ ಪಾಲ್ ಗ್ರಹಾಂ ವಿವರಿಸಿದ ದಾರಿಯನ್ನೇ ಹಿಡಿದೆ. ಒಳ್ಳೆಯ ಮೇಲ್‌ನಲ್ಲಿ, ಸ್ಪ್ಯಾಮ್‌ನಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಬೇಕು, ಇದೇ ಅದರ ಕಲಿಕೆ. ಹೊಸ ಮೇಲ್ ಬಂದಾಗ ಅದರಲ್ಲಿ ಒಂದು ಕಡೆಗೆ ಗಟ್ಟಿಯಾಗಿ ವಾಲುವ 15 ಪದಗಳನ್ನು ಆರಿಸಿ ಲೆಕ್ಕ ಹಾಕಬೇಕು. ಇಂಗ್ಲಿಷ್ ಮೇಲ್‌ಗಳ ಮೇಲೆ ಮೊದಲ ದಿನದಿಂದಲೇ ಚೆನ್ನಾಗಿ ನಡೆಯಿತು.

ಆಮೇಲೆ ಒಂದು ಸಂಜೆ ಸಾಲಿಗ್ರಾಮದಿಂದ ಅತ್ತೆ ಫೋನ್ ಮಾಡಿದರು. "ಗೃಹಪ್ರವೇಶದ್ದು ಮೇಲ್ ಹಾಕಿ ವಾರ ಆಯ್ತು, ನೋಡಿಲ್ವಾ ಅಣ್ಣ?" ಸ್ಪ್ಯಾಮ್ ಫೋಲ್ಡರ್ ತೆರೆದೆ. ಸಾಲ ಕೊಡುತ್ತೇವೆ ಎನ್ನುವ ಎರಡು ಮೇಲ್‌ಗಳ ನಡುವೆ ಅತ್ತೆಯ ಕರೆಯೋಲೆ ಕೂತಿತ್ತು. ಅಪ್ಪ ಏನೂ ಅನ್ನಲಿಲ್ಲ. ನನಗೆ ಮಾತ್ರ ರಾತ್ರಿ ನಿದ್ದೆ ಬರಲಿಲ್ಲ. ನೂರು ಸ್ಪ್ಯಾಮ್ ಒಳಗೆ ಬಂದರೂ ಅಳಿಸಬಹುದು. ಸ್ವಂತ ತಂಗಿಯ ಮೇಲ್ ತಪ್ಪಿಹೋಗುವುದು ಬೇರೆಯೇ ಮಾತು, ಅಲ್ವಾ?

ಫಿಲ್ಟರ್ ಯಾವ ಪದಗಳನ್ನು ನೋಡಿ ಹಾಗೆ ತೀರ್ಮಾನಿಸಿತು ಎಂದು ಪ್ರಿಂಟ್ ಮಾಡಿಸಿದೆ. ಒಂದೂ ಪೂರ್ತಿ ಪದ ಇರಲಿಲ್ಲ. "ಗೃಹಪ್ರವೇಶ" ಎನ್ನುವುದು "ಗ", "ಹಪ", "ರವ", "ಶ" ಎಂದು ನಾಲ್ಕು ಚೂರಾಗಿತ್ತು. ಸಾಲುಗಳನ್ನು ಪದಗಳಾಗಿ ಒಡೆಯಲು ಪೈಥಾನ್‌ನ ಮಾಮೂಲಿ ರೆಜೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಬಳಸಿದ್ದೆ. ಅದರಲ್ಲಿ "ಪದದ ಅಕ್ಷರ" ಎಂದು ಸೂಚಿಸುವ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ (\w) ನಮ್ಮ ಕಾಗುಣಿತದ ಚಿಹ್ನೆಗಳನ್ನು, ಒತ್ತಕ್ಷರ ಕೂಡಿಸುವ ವಿರಾಮವನ್ನು ಅಕ್ಷರ ಎಂದು ಒಪ್ಪುವುದಿಲ್ಲ. ಅವು ಸಿಕ್ಕಿದ ಕಡೆಯೆಲ್ಲ ಪದ ಮುಗಿಯಿತು ಎಂದುಕೊಳ್ಳುತ್ತದೆ. "ಸಾಲ" ಹೋಗಿ "ಸ", "ಲ" ಆಗುತ್ತದೆ. ನಾನು ಕಲಿಕೆಗೆ ಕೊಟ್ಟಿದ್ದ ಕನ್ನಡ ಮೇಲ್‌ಗಳಲ್ಲಿ ಸಾಲದವರದ್ದೇ ಜಾಸ್ತಿ. ನೆಂಟರೆಲ್ಲ ವಾಟ್ಸಾಪ್‌ನಲ್ಲೇ ಬರೆಯುತ್ತಾರೆ. ಹಾಗಾಗಿ ಬಿಡಿ ಬಿಡಿ ಕನ್ನಡ ಅಕ್ಷರ ಕಂಡರೆ ಸಾಕು, ಸ್ಪ್ಯಾಮ್ ಎಂದು ಫಿಲ್ಟರ್ ಕಲಿತುಬಿಟ್ಟಿತ್ತು.

ಸರಿಪಡಿಸಿದ್ದು ಒಂದೇ ಸಾಲಿನಲ್ಲಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ನಂಬರ್ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ ಮೀಸಲಿಟ್ಟ 128 ಜಾಗಗಳನ್ನೂ ಅಕ್ಷರ ಎಂದೇ ಎಣಿಸು ಎಂದು ಹೇಳಿದೆ. ಆಮೇಲೆ ಅತ್ತೆಗೆ, ಚಿಕ್ಕಪ್ಪನಿಗೆ, ಅಪ್ಪನ ಹಳೇ ಶಿಷ್ಯರಿಗೆ ಫೋನ್ ಮಾಡಿ, ದಯವಿಟ್ಟು ಕನ್ನಡದಲ್ಲಿ ಮೇಲ್ ಬರೆಯಿರಿ, ಏನಾದರೂ ಸರಿ ಎಂದು ಕೇಳಿಕೊಂಡೆ. ಬರೆದರು! ಹಲಸಿನ ಹಪ್ಪಳ, ಮೊಣಕಾಲು ನೋವು, ಮಳೆ, ಎಲ್ಲಾ ಬಂತು. ಅವುಗಳಲ್ಲಿ 12 ಮೇಲ್‌ಗಳನ್ನು ಕಲಿಕೆಗೆ ಕೊಡದೆ ಪಕ್ಕಕ್ಕಿಟ್ಟು ಪರೀಕ್ಷಿಸಿದೆ. ಹಳೇ ಫಿಲ್ಟರ್ 7ನ್ನು ಸ್ಪ್ಯಾಮ್ ಎಂದಿತು. ಹೊಸದು ಒಂದನ್ನೂ ಅನ್ನಲಿಲ್ಲ.

ಸ್ಪ್ಯಾಮರ್‌ಗಳಿಗೆ ತಿರುಗಿ ಬೈದು ಬರೆಯಬಾರದಾ ಎಂದು ತಮ್ಮ ಕೇಳಿದ. ಬೇಡ. ಕಳಿಸಿದವರ ವಿಳಾಸ ಹೆಚ್ಚಾಗಿ ಸುಳ್ಳು, ಬೈಗುಳ ಯಾರೋ ಪಾಪದವರಿಗೆ ಹೋಗುತ್ತದೆ. ನಾನು ಹೆಡರ್‌ನಲ್ಲಿ (ಮೇಲ್ ಬಂದ ದಾರಿಯ ವಿವರ ಇರುವ ಮೇಲಿನ ಭಾಗ) ನಮ್ಮ ಸರ್ವರ್ ಬರೆದ ರಿಸೀವ್ಡ್ ಸಾಲನ್ನು, ಅಂದರೆ ಯಾರಿಂದ ಪಡೆಯಿತು ಎಂದು ಹೇಳುವ ಸಾಲನ್ನು, ಮಾತ್ರ ನಂಬುತ್ತೇನೆ. ಅಲ್ಲಿರುವ ಐಪಿ (ಕಳಿಸಿದ ಯಂತ್ರದ ಇಂಟರ್ನೆಟ್ ನಂಬರ್) ಯಾರದ್ದು ಎಂದು ಹುಡುಕಿ, ಆ ನೆಟ್‌ವರ್ಕ್‌ನ ದೂರು ವಿಳಾಸಕ್ಕೆ ಹೆಡರ್ ಸಮೇತ ಪೂರ್ತಿ ಮೇಲ್ ಕಳಿಸುತ್ತೇನೆ. ಇಲ್ಲಿಯವರೆಗೆ 31 ದೂರು. ನಾಲ್ಕು ಕಡೆಯಿಂದ "ಆ ಖಾತೆ ಮುಚ್ಚಿದ್ದೇವೆ" ಎಂದು ಉತ್ತರ ಬಂತು. ನಾಲ್ಕೇ ಇರಬಹುದು, ಆದರೂ ಖುಷಿಯಾಯಿತು.

ಈಗಿನ ತಲೆನೋವು ಪ್ರತ್ಯಯಗಳದ್ದು. ಸಾಲ, ಸಾಲಕ್ಕೆ, ಸಾಲದ, ಮೂರೂ ಬೇರೆ ಪದಗಳೆಂದು ಎಣಿಕೆ ಚದುರುತ್ತದೆ. ಯೂನಿಕೋಡ್ ಲೆಕ್ಕದಲ್ಲಿ ಪ್ರತಿ ಪದದ ಮೊದಲ ಮೂರು ಗುರುತು ಮಾತ್ರ ಇಟ್ಟುಕೊಂಡು ನೋಡಿದೆ (ಅಕ್ಷರ ಒಂದು ಗುರುತು, ಅದರ ಕಾಗುಣಿತದ ಚಿಹ್ನೆ ಇನ್ನೊಂದು). "ಸಾಲಿಗ್ರಾಮ" ಕೂಡ "ಸಾಲ" ಆಯಿತು, ಅತ್ತೆ ಮತ್ತೆ ಸ್ಪ್ಯಾಮ್ ಫೋಲ್ಡರ್‌ಗೆ! ತಕ್ಷಣ ತೆಗೆದುಹಾಕಿದೆ. ಈಗ ಅಪ್ಪನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ವಿಭಕ್ತಿ ಪ್ರತ್ಯಯಗಳ ಪಟ್ಟಿ ಮಾಡುತ್ತಿದ್ದೇನೆ. ಅವರು ಹೇಳುತ್ತಾರೆ, ನಾನು ಕೋಡ್‌ಗೆ ಇಳಿಸುತ್ತೇನೆ. ನಿನ್ನೆ ರಾತ್ರಿ ಚತುರ್ಥಿಯವರೆಗೆ ಬಂದೆವು.