ಬಿಳಿ, ಕೆಂಪು, ಕಪ್ಪು: ಒಂದು ಫ್ರೇಮ್ ಬಿಚ್ಚಿ ಮತ್ತೆ ಕಟ್ಟಿದ್ದು

ದಾವಣಗೆರೆ ಮಂಡಿಪೇಟೆ ಹತ್ರ ನಂದು ಫೋಟೋ ಫ್ರೇಮ್ ಅಂಗಡಿ, 15 ವರ್ಷದಿಂದ ಇದೇ ಕೆಲ್ಸ. ಹೋದ್ ವರ್ಷ ಒಬ್ರು ಯಜಮಾನ್ರು ಬಂದ್ರು, ಹಿಂದೆ ಇಲ್ಲೇ ಕಾಟನ್ ಮಿಲ್‌ನಲ್ಲಿ ಇದ್ದೋರು. ಹೊಲಿಗೆ ಬಿಟ್ಟೋಗಿದ್ದ ಹಳೇ ಸೋವಿಯತ್ ಮಕ್ಕಳ ಪುಸ್ತಕದ ನಾಲ್ಕು ಹಾಳೆ ತಂದಿದ್ರು, ಮೊಮ್ಮಗಳ ರೂಮಿಗೆ ಹಾಕ್ಬೇಕಂತೆ. ಮೂರರಲ್ಲಿ ಕುದುರೆ ಸವಾರರು, ಬಿಳಿ, ಕೆಂಪು, ಕಪ್ಪು. ನಾಲ್ಕನೇದ್ರಲ್ಲಿ ಒಬ್ಳು ಹುಡುಗಿ ರಾತ್ರಿ ಹೊತ್ತು ಕೋಲಿನ ತುದಿಗೆ ತಲೆಬುರುಡೆ ಸಿಗಿಸ್ಕೊಂಡು ಹೊರಟಿದಾಳೆ, ಬುರುಡೆ ಕಣ್ಣಲ್ಲಿ ಬೆಂಕಿ.

ನಾನೇನ್ ಮಾಡ್ದೆ, ಗಾಢ ಬಣ್ಣ ನಡುವೆ ಇದ್ರೆ ಚೆನ್ನಾಗಿ ಕಾಣುತ್ತೆ ಅಂತ ಒಂದೇ ಉದ್ದ ಫ್ರೇಮಲ್ಲಿ ಬಿಳಿ, ಕಪ್ಪು, ಕೆಂಪು ಅಂತ ಅಂಟಿಸಿ ಗ್ಲಾಸ್ ಹಾಕ್ಬಿಟ್ಟೆ. ಬುರುಡೆ ಹಾಳೆನ ಫ್ರೇಮ್ ಮಾಡ್ಲೇ ಇಲ್ಲ, ಮಗು ಮಲಗೋ ರೂಮು, ಅಪಶಕುನ ಅನ್ನಿಸ್ತು.

ಯಜಮಾನ್ರು ಸುಮಾರು ಹೊತ್ತು ನೋಡಿ, "ಬೆಳಕು ಹರಿದ ಕೂಡ್ಲೇ ಕತ್ತಲು ಮಾಡಿಬಿಟ್ಟೀಯಲ್ಲೋ ತಮ್ಮಾ" ಅಂದ್ರು.

ಆಮೇಲೆ ನಿಂತಲ್ಲೇ ಕಥೆ ಹೇಳಿದ್ರು. ವಾಸಿಲೀಸ ಅನ್ನೋ ಹುಡುಗಿನ ಮಲತಾಯಿ ಮನೆಯೋರು ಬೆಂಕಿ ತಗೊಂಡ್ ಬಾ ಅಂತ ಕಾಡಿನ ಮುದುಕಿ ಬಾಬಾ ಯಾಗ ಹತ್ರ ಕಳಿಸ್ತಾರೆ. ದಾರೀಲಿ ಬಿಳಿ ಸವಾರ ಹೋದ, ಬೆಳಗಾಯ್ತು. ಕೆಂಪು ಸವಾರ ಹೋದ, ಸೂರ್ಯ ಹುಟ್ಟಿದ. ಮುದುಕಿ ಮನೆಯ ಮೂಳೆ ಬೇಲಿ ಮುಂದೆ ಹೋಗಿ ನಿಲ್ಲೋ ಹೊತ್ತಿಗೆ ಕಪ್ಪು ಸವಾರ ಬಂದ, ರಾತ್ರಿಯಾಯ್ತು. ಗಡಿಯಾರ ಬರೆದಿಲ್ಲ, ಅಕ್ಷರ ಗೊತ್ತಿಲ್ದಿರೋ ಮಗುಗೂ ಹೊತ್ತು ಎಷ್ಟಾಯ್ತು ಅಂತ ಗೊತ್ತಾಗುತ್ತೆ, ಅದನ್ನೇ ನಾನು ಕೆಡಿಸಿಟ್ಟಿದ್ದೆ. ಇನ್ನು ಆ ಬುರುಡೆ, ಅದೇ ಅವಳಿಗೆ ಸಿಕ್ಕ ಬೆಂಕಿ, ಕತ್ತಲ ಕಾಡಲ್ಲಿ ಅವಳನ್ನ ಮನೆ ಮುಟ್ಟಿಸಿ, ಕಾಟ ಕೊಟ್ಟೋರನ್ನ ಸುಟ್ಟು ಬೂದಿ ಮಾಡೋ ದೀಪ. ನಾನು ಅದನ್ನೇ ಕವರಲ್ಲಿ ಎತ್ತಿಟ್ಟಿದ್ದೆ, ನಿಜವಾಗ್ಲೂ ತುಂಬಾ ಬೇಜಾರಾಯ್ತು.

ರಾತ್ರಿ ಮನೇಲಿ ಕೂತು ಹುಡುಕಿ ಓದ್ದೆ. ಚಿತ್ರ ಬರೆದೋರು ರಷ್ಯಾದ ಕಲಾವಿದ ಇವಾನ್ ಬಿಲಿಬಿನ್, 1876ರಲ್ಲಿ ಹುಟ್ಟಿ 1942ರಲ್ಲಿ ಲೆನಿನ್‌ಗ್ರಾಡ್ ಮುತ್ತಿಗೆ ಟೈಮಲ್ಲಿ ತೀರ್ಕೊಂಡೋರು, ಈ ಚಿತ್ರಗಳು 1900ರ ಆಸುಪಾಸಿನವು. ದಪ್ಪ ಕಪ್ಪು ಗೆರೆ, ಒಳಗೆ ನೆರಳಿಲ್ದೆ ತುಂಬಿದ ಬಣ್ಣ, ಜಪಾನಿನ ಮರದಚ್ಚು ಚಿತ್ರ, ರಷ್ಯಾದ ಲುಬೋಕ್ ಅನ್ನೋ ಜನಪದ ಅಚ್ಚುಚಿತ್ರ ಎರಡರ ಪ್ರಭಾವಾನೂ ಇದೆಯಂತೆ. ಸುತ್ತಲಿನ ಅಂಚು ಕೂಡ ಚಿತ್ರದ್ದೇ ಭಾಗ, ನಾವು ಚಿತ್ರದ ಸುತ್ತ ಕೂರಿಸೋ ರಟ್ಟು, ಅಂದ್ರೆ ಮೌಂಟ್, ಕಟ್ ಮಾಡೋವಾಗ ಮೊದ್ಲು ಮುಚ್ಚೋದೇ ಅದನ್ನ.

ಮಾರನೇ ದಿನ ಬಿಚ್ಚೋವಾಗ ಡಬಲ್ ಸೈಡ್ ಟೇಪ್ ಬಿಡ್ಲೇ ಇಲ್ಲ, ಕಪ್ಪು ಸವಾರನ ಹಾಳೆ ಮೂಲೇಲಿ ಅಕ್ಕಿಕಾಳಷ್ಟು ಹರೀತು. ಯಜಮಾನ್ರಿಗೆ ತೋರಿಸಿ ಹೇಳ್ದೆ, ದುಡ್ಡು ತಗೊಳ್ಲಿಲ್ಲ. ಅವತ್ತಿಂದ ಹಳೇ ಹಾಳೆಗೆ ಆ ಟೇಪ್ ಹಾಕಿಲ್ಲ, ಚಿತ್ರ ಕೈಗೆ ತಗೊಂಡ ತಕ್ಷಣ ಇದರ ಕಥೆ ಏನ್ರಿ ಅಂತ ಕೇಳ್ತೀನಿ. ನಾಲ್ಕನೇ ಹಾಳೆಗೂ ಅದೇ ಬೀಡಿಂಗ್ (ಫ್ರೇಮಿನ ಪಟ್ಟಿ) ಹಾಕಿ, ಕಪ್ಪು ಸವಾರನ ಪಕ್ಕಕ್ಕೇ ಬರೋ ಹಾಗೆ ನಾನೇ ಹೋಗಿ ಮೊಳೆ ಹೊಡೆದು ಬಂದೆ.