ಬಿಳಿ ಮಚ್ಚೆಯ ದುರಸ್ತಿ

ನನ್ನ ಹಲ್ಲಿನ ಮೇಲೆ ಮೂಡಿದ್ದ, ಸುಣ್ಣದ ಗುರುತಿನಂಥ ಬಿಳಿ ಮಚ್ಚೆಯನ್ನು ಕನ್ನಡಿಯಲ್ಲಿ ತೋರಿಸಿದ ದಂತವೈದ್ಯರು, ಇದು ಹುಳುಕಿನ ಆರಂಭವೇ ಆದರೂ ಕೊರೆಯುವ ಅಗತ್ಯವಿಲ್ಲ ಎಂದಾಗ ಸಮಾಧಾನಕ್ಕಿಂತ ಅಚ್ಚರಿಯೇ ಹೆಚ್ಚಾಯಿತು. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನಲ್ಲಿ ಜೀವಕೋಶಗಳಿಲ್ಲ, ಮುರಿದ ಮೂಳೆಯಂತೆ ಅದು ತಾನಾಗಿ ಬೆಳೆದು ಕೂಡಿಕೊಳ್ಳಲಾರದು. ಆದರೂ ಅದಕ್ಕೆ ದುರಸ್ತಿಯ ದಾರಿಯೊಂದಿದೆ.

ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸಿ ಪಿಎಚ್ ಮಟ್ಟವನ್ನು (ಇದು ಇಳಿದಷ್ಟೂ ಆಮ್ಲೀಯತೆ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿಸಿದಾಗಲೆಲ್ಲ ಎನಾಮಲ್‌ನಿಂದ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗಿ ಹೊರಬರುತ್ತವೆ. ಆಮ್ಲ ತಗ್ಗಿದ ಮೇಲೆ ಜೊಲ್ಲಿನಲ್ಲಿರುವ ಅವೇ ಖನಿಜಗಳು ಮರಳಿ ಹಲ್ಲನ್ನು ಸೇರುತ್ತವೆ. ಟೂತ್‌ಪೇಸ್ಟಿನ ಫ್ಲೋರೈಡ್ ಅಂಶವು ಎನಾಮಲ್‌ನ ಹರಳುಗಳ ಮೇಲ್ಮೈಗೆ ಅಂಟಿಕೊಂಡು ಈ ಮರುಜೋಡಣೆಯನ್ನು ಚುರುಕುಗೊಳಿಸುತ್ತದೆ. ನನಗೆ ಅತ್ಯಂತ ಸೊಗಸಾಗಿ ಕಂಡದ್ದು ಇದರ ಮುಂದಿನ ಹಂತ: ಫ್ಲೋರೈಡನ್ನು ಒಳಗೊಂಡು ಹೊಸದಾಗಿ ಕೂಡುವ ಖನಿಜವು ಮೊದಲಿದ್ದದ್ದಕ್ಕಿಂತ ಆಮ್ಲಕ್ಕೆ ಹೆಚ್ಚು ಎದುರು ನಿಲ್ಲುತ್ತದೆ.

ಮೇಲ್ಪದರ ಕುಸಿದು ಕುಳಿ ಬಿದ್ದ ಮೇಲೆ ಯಾವ ಪೇಸ್ಟೂ ಅದನ್ನು ತುಂಬಿಸಲಾರದು. ಆದ್ದರಿಂದ ಸಮಯ ಮುಖ್ಯ, ದಿನಕ್ಕೆರಡು ಬಾರಿ ಹಲ್ಲುಜ್ಜುವ ನಿಯಮವೂ ಮುಖ್ಯ. ಉಜ್ಜಿದ ಬಳಿಕ ನೊರೆಯನ್ನು ಉಗುಳಿ, ನೀರಿನಿಂದ ಬಾಯಿ ಮುಕ್ಕಳಿಸದೆ ಬಿಟ್ಟರೆ ಫ್ಲೋರೈಡ್ ಹೆಚ್ಚು ಹೊತ್ತು ಉಳಿಯುತ್ತದೆ ಎಂಬುದು ಇಷ್ಟು ವರ್ಷ ತಿಳಿದಿರಲಿಲ್ಲ. ಪ್ರತಿದಿನವೂ ಬಾಯಿ ತುಂಬ ನೀರು ಹಾಕಿಕೊಂಡು ಅದನ್ನು ತೊಳೆದುಬಿಡುತ್ತಿದ್ದೆ. ಈಗ ಆ ಅಭ್ಯಾಸವನ್ನು ಬಿಟ್ಟಿದ್ದೇನೆ. ಮುಂದಿನ ತಪಾಸಣೆಗೆ ಇನ್ನೂ ನಾಲ್ಕು ತಿಂಗಳಿವೆ.